ಕೂಗಿದರೆ ತಿರುಗದ ಮಗು: ತಾಯಿತಂದೆಗಳು ಮಾಡಬೇಕಾದುದೇನು?



ಬೀಜ, ಗೊಬ್ಬರ, ಕೀಟಗಳ ವಿಷಯ ಬರೆಯುವ ಗ್ರಾಮಸೇವಕನು ಈ ಸಲ ಎಳೆಯ ಮಕ್ಕಳ ವಿಷಯ ಬರೆಯಲು ಕುಳಿತದ್ದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಎರಡು ವರ್ಷಗಳ ಹಿಂದೆ ನಮ್ಮ ಬ್ಲಾಕಿನ ಒಂದು ಹಳ್ಳಿಗೆ ರಾಗಿಯ ಬೀಜೋಪಚಾರ ತೋರಿಸಲು ಹೋಗಿದ್ದೆ. ಆ ಮನೆಯ ಯಜಮಾನರು ತಮ್ಮ ಒಂದೂವರೆ ವರ್ಷದ ಮಗನನ್ನು ತೋರಿಸಿ, “ಸ್ವಾಮಿ, ಇವನು ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ” ಎಂದರು. “ಗಂಡುಮಕ್ಕಳಿಗೆ ಎಲ್ಲವೂ ತುಸು ತಡ, ಚಿಂತೆ ಮಾಡಬೇಡಿ” ಎಂದು ಹೇಳಿ ಬಂದೆ. ಓದಿದವನ ಮಾತೆಂದು ಅವರು ನಂಬಿದರು. ಒಂದು ವರ್ಷ ಹಾಗೆಯೇ ಕಳೆದುಹೋಯಿತು. ಆ ವರ್ಷ ಕಳೆದದ್ದು ನನ್ನ ತಪ್ಪಿನಿಂದ. ಅದಕ್ಕಾಗಿ ಈ ಬರಹ.

ವರ್ಷ ತುಂಬಿದ ಮಗು ಕರೆದರೆ ತಿರುಗಬೇಕು. ಒಂದೂವರೆ ವರ್ಷಕ್ಕೆ ಹಸುವನ್ನೋ ಬಸ್ಸನ್ನೋ ಬೆರಳುಮಾಡಿ ತೋರಿಸಿ, ‘ನೀನೂ ನೋಡು’ ಎಂಬಂತೆ ನಿಮ್ಮ ಮುಖ ನೋಡಬೇಕು. ಎರಡು ವರ್ಷಕ್ಕೆ “ಅಮ್ಮ ಬಾ”, “ಹಾಲು ಕೊಡು” ಎಂದು ಎರಡು ಮಾತು ಕೂಡಿಸಬೇಕು. ಇವು ಕಾಣದಿದ್ದರೆ, ಅಥವಾ ಬಂದ ಮಾತೇ ನಿಂತುಹೋದರೆ, ಕಾಯಬಾರದು. ಕಿವಿ ಮಂದವಿರಬಹುದು, ಆದುದರಿಂದ ಕಿವಿಯ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಆಟಿಸಂ ಇರಬಹುದು, ಪುಸ್ತಕದವರು ಇದನ್ನು ಸ್ವಲೀನತೆ ಎನ್ನುತ್ತಾರೆ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದವಿದು. ಶಾಪವಲ್ಲ, ಗ್ರಹಣದ ದೋಷವಲ್ಲ, ಚುಚ್ಚುಮದ್ದಿನಿಂದ ಬಂದದ್ದಲ್ಲ. ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದೆ ಹೀಗಾಯಿತೆಂದು ಒಂದು ಕಾಲದಲ್ಲಿ ಕೆಲವು ವೈದ್ಯರೇ ಹೇಳುತ್ತಿದ್ದರು. ಅದು ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಆದರೂ ಅತ್ತೆಯ ಮನೆಯಲ್ಲಿ ಸೊಸೆಯ ಮೇಲೆ ಆ ಮಾತು ಇನ್ನೂ ಬೀಳುತ್ತಲೇ ಇದೆ.

ಮೊದಲು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಪರೀಕ್ಷೆ ನಡೆಯುತ್ತದೆ.

ಇನ್ನು ಮುಖ್ಯ ವಿಷಯ. ಆಟಿಸಂ ಅನ್ನು ತೆಗೆದುಹಾಕುವ ಔಷಧಿ ಇಲ್ಲ. ಇದೆ ಎಂದು ಹಣ ಕೇಳುವವರಿಂದ ದೂರವಿರಿ. ಮಗುವಿನ ಬೆಳವಣಿಗೆಗೆ ನೆರವಾಗುವ ವಿಧಾನ ಮಾತ್ರ ಇದೆ, ಅದನ್ನು ತಾಯಿತಂದೆಗಳು ಕಲಿಯಬಹುದು. ನಾವು ಹೊಸ ತಳಿಯ ಪ್ರಾತ್ಯಕ್ಷಿಕೆಯನ್ನು ಸರ್ಕಾರಿ ಫಾರಮ್ಮಿನಲ್ಲಿ ಮಾಡದೆ ನಿಮ್ಮದೇ ಹೊಲದ ತಾಕಿನಲ್ಲಿ, ನಿಮ್ಮ ಕೈಯಿಂದಲೇ ಏಕೆ ಮಾಡಿಸುತ್ತೇವೆ? ನಾವು ಹೋದ ಮೇಲೂ ಬೇಸಾಯ ನಡೆಯಬೇಕೆಂದು. ಇಲ್ಲಿಯೂ ಅದೇ ಕ್ರಮ. ಕಲಿಸಲು ಬಂದವರು ಮಗುವನ್ನು ಆಡಿಸುವುದಿಲ್ಲ. ನೀವು ಆಡಿಸುವುದನ್ನು ನೋಡಿ, ಎಲ್ಲಿ ಸರಿಯಾಯಿತೆಂದು ತೋರಿಸುತ್ತಾರೆ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಕುಟುಂಬಗಳೊಡನೆ ಇಂಥದೊಂದು ಪ್ರಯೋಗ ನಡೆದು, 2016ರಲ್ಲಿ ಅದರ ಫಲ ಪ್ರಕಟವಾಯಿತು. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಆಟದ ವಿಡಿಯೊ ತೆಗೆದು ತಾಯಿತಂದೆಗಳಿಗೇ ತೋರಿಸಿ ಕಲಿಸಿದರು. ಆ ಮಕ್ಕಳು ತಾವಾಗಿಯೇ ತಾಯಿತಂದೆಗಳ ಕಡೆ ತಿರುಗಿ ಏನನ್ನಾದರೂ ತಿಳಿಸಲು ಯತ್ನಿಸುವುದು ಹೆಚ್ಚಾಯಿತು.

ನಾನು ಹೇಳಿದ ಮನೆಗೂ ಹಾಗೆ ಕಲಿತ ಕಾರ್ಯಕರ್ತೆಯೊಬ್ಬರು ಹದಿನೈದು ದಿನಕ್ಕೊಮ್ಮೆ ಬರತೊಡಗಿದರು. ಹುಡುಗನಿಗೆ ನೀರೆಂದರೆ ಪ್ರಾಣ. ತೊಟ್ಟಿಯ ಬಳಿ ಕುಳಿತು ಚೊಂಬಿನಿಂದ ನೀರು ಮೊಗೆದು ಸುರಿಯುವುದೇ ದಿನವೆಲ್ಲ ಕೆಲಸ. ತಂದೆ ಅವನನ್ನು ಎಳೆದು ತಂದು, “ಅಪ್ಪ ಅನ್ನು, ಅಪ್ಪ ಅನ್ನು” ಎಂದು ಹತ್ತು ಸಲ ಹೇಳಿಸಲು ನೋಡುತ್ತಿದ್ದರು. ಅವನು ಕಿರುಚಿ ಓಡುತ್ತಿದ್ದ. ಆಕೆ ಹೇಳಿದ್ದು ಇಷ್ಟೆ: “ನೀವೇ ತೊಟ್ಟಿಯ ಬಳಿ ಹೋಗಿ. ಅವನ ಎದುರಿಗೆ ಕುಳಿತು, ನಿಮ್ಮ ಮುಖ ಅವನ ಮುಖದ ಎತ್ತರಕ್ಕೆ ಬರಲಿ. ಅವನು ಸುರಿದರೆ ನೀವೂ ಸುರಿಯಿರಿ. ‘ನೀರು’ ಎಂದು ಒಂದೇ ಮಾತು ಹೇಳಿ, ಸುಮ್ಮನಿರಿ.”

ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ನಾಲ್ಕನೆಯ ದಿನ ಹುಡುಗ ಕೈ ನಿಲ್ಲಿಸಿ, ತಂದೆಯ ಚೊಂಬನ್ನು ನೋಡಿದ. ಮುಂದಿನ ವಾರ ತಂದೆ ಚೊಂಬನ್ನು ಎತ್ತಿ ಹಿಡಿದು, ಸುರಿಯದೆ, ಮನಸ್ಸಿನಲ್ಲಿ ಐದು ಎಣಿಸುತ್ತ ಕಾದರು. ಹುಡುಗ ಅವರ ಮುಖ ನೋಡಿದ. ಆ ನೋಟವನ್ನೇ ಮಾತೆಂದು ಎಣಿಸಿ, ಕೂಡಲೆ “ನೀರು!” ಎಂದು ಸುರಿದರು.

ತಾಯಿಯೂ ಅಡಿಗೆಮನೆಯಲ್ಲಿ ಇದನ್ನೇ ಹಿಡಿದಳು. ಬಾಳೆಹಣ್ಣನ್ನು ಇಡಿಯಾಗಿ ಕೊಡದೆ ಸಣ್ಣ ತುಂಡು ಕೊಟ್ಟು, ಮತ್ತೊಂದಕ್ಕೆ ಅವನು ಕೈ ನೀಡುವವರೆಗೆ ಕಾಯುವುದು. ಎರಡು ಅಂಗಿ ಹಿಡಿದು ಯಾವುದೆಂದು ಕೇಳುವುದು. ಇದಕ್ಕೆ ಬೇರೆ ಹೊತ್ತು ಬೇಕಿಲ್ಲ; ಸ್ನಾನ, ಊಟ, ದನಕ್ಕೆ ಮೇವು ಹಾಕುವ ಕೆಲಸದಲ್ಲಿಯೇ ಆಗುತ್ತದೆ. ಆದರೆ ಹಸಿದು ಅಳುವ ಮಗುವನ್ನು ಕಾಯಿಸಬಾರದು. ಮೊಬೈಲು ಕೊಟ್ಟರೆ ಮಗು ಸುಮ್ಮನಿರುತ್ತದೆ, ನಿಜ; ಆ ಹೊತ್ತಿನಲ್ಲಿ ಅದು ನಿಮ್ಮ ಮುಖವನ್ನು ಮಾತ್ರ ನೋಡುವುದಿಲ್ಲ.

ನೀರಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಇಂಥ ಮಕ್ಕಳಲ್ಲಿ ಹಲವರು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ. ನೀರಿನ ಅಪಾಯ ಅವರಿಗೆ ತಿಳಿಯದು. ಕೂಗಿದರೆ ಓಗೊಡುವುದೂ ಇಲ್ಲ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು. ಹೊಂಡಕ್ಕೆ ಬೇಲಿ, ಬಾವಿಗೆ ಕಟ್ಟೆ ಅಗತ್ಯವಾಗಿ ಬೇಕು. ಅಕ್ಕಪಕ್ಕದ ಹೊಲದವರಿಗೂ ಮಗುವಿನ ಸ್ವಭಾವ ತಿಳಿಸಿಡಿರಿ, ಮುಚ್ಚಿಡುವುದರಿಂದ ಲಾಭವಿಲ್ಲ.

ಆ ಹುಡುಗನಿಗೆ ಈಗ ಮೂರೂವರೆ ವರ್ಷ. ಓರಗೆಯ ಮಕ್ಕಳೊಡನೆ ಇನ್ನೂ ಸೇರುವುದಿಲ್ಲ, ಜಾತ್ರೆಯ ತಮಟೆಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಹೋದ ತಿಂಗಳು ನಾನು ಹೋದಾಗ ತಂದೆ ಹೊಂಡದ ಸುತ್ತ ತಂತಿ ಬಿಗಿಯುತ್ತಿದ್ದರು. ಹುಡುಗ ಖಾಲಿ ಚೊಂಬು ಹಿಡಿದು ಬಂದು, ಅವರ ಪಂಚೆ ಎಳೆದು, ಮುಖ ನೋಡಿ “ನೀ” ಎಂದ. ಅವರು ತಂತಿ ಬಿಟ್ಟು ಎದ್ದರು.