ಚಳಿಯಲ್ಲಿ ಉಳಿದ ಮೂರು ತೆನೆಗಳು

ಬರಗಾಲವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿರಿದ ನೆಲ, ಬತ್ತಿದ ಕೆರೆ. ಮಳೆ ಕಾಲಕ್ಕೆ ಸರಿಯಾಗಿ ಬಂದು, ಗದ್ದೆಯಲ್ಲಿ ನೀರು ತುಂಬಿ, ಪೈರು ಹಸುರಾಗಿಯೇ ನಿಂತಿದ್ದರೂ ನಾಡಿಗೆ ನಾಡೇ ಹಸಿವಿನಿಂದ ಕಂಗೆಡಬಹುದೆಂಬುದು ನಮಗೆ ಸುಲಭವಾಗಿ ತೋಚದು. ಜಪಾನಿನ ಈಶಾನ್ಯದ ತೋಹೊಕು ಸೀಮೆಯ ರೈತರಿಗಾದರೋ ಇದು ತಲತಲಾಂತರದ ಅನುಭವ. ನಡುಬೇಸಗೆಯಲ್ಲಿ ಓಖೋಟ್ಸ್ಕ್ ಸಮುದ್ರದ ಕಡೆಯಿಂದ ಬೀಸುವ ತಣ್ಣನೆಯ ಗಾಳಿಯನ್ನು ಅವರು ‘ಯಾಮಸೆ’ ಎಂದು ಕರೆಯುತ್ತಾರೆ. ಮಂಜು ಮೋಡಗಳನ್ನು ಹೊತ್ತು ತರುವ ಆ ಗಾಳಿ ವಾರಗಟ್ಟಲೆ ನಿಂತಿತೆಂದರೆ ಆ ವರ್ಷದ ಅನ್ನಕ್ಕೆ ಸಂಚಕಾರ.

ಭತ್ತ ಮೂಲತಃ ಬೆಚ್ಚನೆಯ ನಾಡಿನ ಬೆಳೆ. ಚಳಿ ಅದರ ಮರ್ಮವನ್ನು ತಾಕುವುದು ಹೊಡೆ ಕಟ್ಟುವ ಕಾಲದಲ್ಲಿ. ತೆನೆ ಹೊರಬೀಳುವುದಕ್ಕೆ ಹತ್ತು ಹನ್ನೆರಡು ದಿನ ಮೊದಲು, ಎಲೆಯ ಒರೆಯೊಳಗೆ ಪರಾಗ ರೂಪುಗೊಳ್ಳುತ್ತಿರುವಾಗ, ಕೆಲವು ದಿನಗಳ ಶೀತ ತಗುಲಿದರೂ ಸಾಕು. ಪರಾಗ ಬಲಿಯದೆ ಹೋಗುತ್ತದೆ. ಪೈರೇನೋ ಸಾಯುವುದಿಲ್ಲ. ತೆನೆಯೂ ಬರುತ್ತದೆ. ಆದರೆ ಕಾಳು ಕಟ್ಟದ ಆ ತೆನೆ ಬಾಗುವುದಿಲ್ಲ. ಕೈಗೆ ಸಿಕ್ಕುವುದು ಬರಿಯ ಜೊಳ್ಳು.

1893ರ ಇಂಥದೊಂದು ತಂಪು ಬೇಸಗೆಯಲ್ಲಿ, ಯಾಮಗಾತ ಪ್ರಾಂತದ ಅಬೆ ಕಾಮೆಜಿ ಎಂಬ ರೈತನು ಚಳಿಯಿಂದ ಹಾಳಾದ ಗದ್ದೆಯೊಂದರಲ್ಲಿ ಮೂರೇ ಮೂರು ತೆನೆಗಳು ಕಾಳು ಕಟ್ಟಿ ನಿಂತಿರುವುದನ್ನು ಕಂಡನು. ಅವನ್ನು ಬೇಡಿ ತಂದು ಬಿತ್ತಿ, ವರುಷ ವರುಷವೂ ಆರಿಸಿ ಬೆಳೆಸಿದನು. ಅದೇ ‘ಕಾಮೆನೊಓ’ ಎಂಬ ತಳಿ. ಅನ್ನ ರುಚಿಯಾದರೂ ಬೆಂಕಿರೋಗಕ್ಕೆ ಅದು ಸುಲಭದ ತುತ್ತು. ಅಕಿತ ಪ್ರಾಂತದ ಪ್ರಯೋಗಕ್ಷೇತ್ರದ ವಿಜ್ಞಾನಿಗಳು ಅದನ್ನು ಮತ್ತೊಂದು ತಳಿಯೊಡನೆ ಸಂಕರಿಸಿ, 1921ರಲ್ಲಿ ‘ರಿಕುಉ 132’ ಎಂಬ ಹೊಸ ಭತ್ತವನ್ನು ರೈತರ ಕೈಗಿತ್ತರು.

ಈ ಬೀಜವನ್ನು ಊರೂರಿಗೆ ಶಿಫಾರಸು ಮಾಡಿದವರಲ್ಲಿ ಒಬ್ಬ ಕವಿಯೂ ಇದ್ದನೆಂಬುದು ಸಾಹಿತ್ಯಪ್ರಿಯರು ನೆನೆಯಬೇಕಾದ ಸಂಗತಿ. ಇವಾತೆಯ ಮಿಯಾಜಾವ ಕೆಂಜಿ ಕೃಷಿಶಾಲೆಯ ಉಪಾಧ್ಯಾಯನಾಗಿದ್ದವನು. 1926ರಲ್ಲಿ ಆ ಕೆಲಸವನ್ನು ಬಿಟ್ಟು, ಸುತ್ತಲಿನ ರೈತರಿಗೆ ಗೊಬ್ಬರ ಬೀಜಗಳ ಸಲಹೆ ಕೊಡುತ್ತ ಬಾಳಿದನು. 1932ರಲ್ಲಿ ಪ್ರಕಟವಾದ ಅವನ ಗುಸುಕೊ ಬುಡೋರಿಯ ಕಥೆಯಲ್ಲಿ, ತಂಪು ಬೇಸಗೆಯಿಂದ ನಾಡನ್ನು ಕಾಯಲು ನಾಯಕನು ಜ್ವಾಲಾಮುಖಿಯನ್ನು ಸಿಡಿಸಿ ತನ್ನ ಪ್ರಾಣವನ್ನೇ ತೆರುತ್ತಾನೆ. 1933ರಲ್ಲಿ, ಮೂವತ್ತೇಳರ ಹರೆಯದಲ್ಲಿ ಕವಿ ತೀರಿಕೊಂಡ. ಮರುವರ್ಷವೇ ತೋಹೊಕುವಿಗೆ ಘೋರವಾದ ಶೀತಕ್ಷಾಮ ಎರಗಿತು. ಸಾಲದಲ್ಲಿ ಮುಳುಗಿದ ಮನೆಗಳು ಹೆಣ್ಣುಮಕ್ಕಳನ್ನು ಮಾರುವ ಸ್ಥಿತಿಗಿಳಿದವು.

ಚಳಿ ಅಲ್ಲಿಗೇ ಸೋಲೊಪ್ಪಲಿಲ್ಲ. 1993ರಲ್ಲಿ, ವಾಡಿಕೆಯ ಬೆಳೆಯನ್ನು ನೂರೆಂದಿಟ್ಟುಕೊಂಡರೆ ಜಪಾನಿಗೆ ದಕ್ಕಿದ್ದು 74 ಮಾತ್ರ. ಅಕ್ಕಿಯ ವಿಷಯದಲ್ಲಿ ಅಷ್ಟು ಅಭಿಮಾನವುಳ್ಳ ದೇಶ ಥಾಯ್ಲೆಂಡ್, ಚೀನ, ಅಮೆರಿಕಗಳಿಂದ ಅಕ್ಕಿ ತರಿಸಬೇಕಾಯಿತು. ಮಿಯಾಗಿಯ ಫುರುಕಾವ ಪ್ರಯೋಗಕ್ಷೇತ್ರದ ಹೆಸರಾಂತ ತಳಿ ‘ಸಸಾನಿಶಿಕಿ’ ಆ ವರ್ಷ ನೆಲಕಚ್ಚಿತು. ಅದೇ ಕ್ಷೇತ್ರ 1991ರಲ್ಲಿ ಹೊರತಂದಿದ್ದ ‘ಹಿತೊಮೆಬೊರೆ’ ಅದಕ್ಕಿಂತ ಚೆನ್ನಾಗಿ ತಾಳಿಕೊಂಡು, ಮುಂದೆ ಅದರ ಸ್ಥಾನವನ್ನೇ ಪಡೆಯಿತು. ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ, ಕೊಶಿಹಿಕಾರಿ, ರಿಕುಉ 132 ಎಂದು ದಾಟಿ ಕಾಮೆಜಿಯ ಮೂರು ತೆನೆಗಳನ್ನೇ ಮುಟ್ಟುತ್ತೇವೆ!

ಇಂಥ ತಳಿಗಳನ್ನು ಆರಿಸುವ ಕ್ರಮವೂ ಕಠಿಣವೇ. ಪ್ರಕೃತಿಯ ಚಳಿ ಪ್ರತಿವರ್ಷವೂ ಬಾರದು. ಆದ್ದರಿಂದ ಗದ್ದೆಯಲ್ಲಿ ಸುಮಾರು 19 ಡಿಗ್ರಿ ಸೆಲ್ಸಿಯಸ್ಸಿನ ತಣ್ಣೀರನ್ನು ಆಳವಾಗಿ ನಿಲ್ಲಿಸಿ, ಹೊಡೆ ಕಟ್ಟುವ ಪೈರನ್ನು ಪರೀಕ್ಷಿಸುತ್ತಾರೆ. ಅದರಲ್ಲಿಯೂ ಕಾಳು ತುಂಬಿದ ಗಿಡಗಳಷ್ಟೇ ಮುಂದಿನ ಪೀಳಿಗೆಗೆ ಅರ್ಹ. ವಿಚಿತ್ರವೆಂದರೆ, ಚಳಿ ತಾಳುವ ಗುಣವನ್ನು ಅವರು ಉಷ್ಣವಲಯದ ಇಂಡೋನೇಷ್ಯದ ‘ಸಿಲೆವಾ’ ಎಂಬ ನಾಡತಳಿಯಲ್ಲಿಯೂ ಕಂಡುಕೊಂಡರು. ಯಾವ ಬೀಜದ ಒಡಲಲ್ಲಿ ಯಾರ ನಾಳಿನ ಅನ್ನವಿದೆಯೋ ಬಲ್ಲವರಾರು?

ಈಗ ಜಪಾನಿನ ಬೇಸಗೆಗಳಲ್ಲಿ ಬಿಸಿಯೇ ಹೆಚ್ಚುತ್ತಿದೆ. ಸೆಕೆ ತಾಳುವ ಭತ್ತಕ್ಕಾಗಿ ಹುಡುಕಾಟ ಸಾಗಿದೆ. ಹಾಗೆಂದು ಯಾಮಸೆ ಬೀಸುವುದನ್ನು ಮರೆತಿಲ್ಲ. ಒಂದು ತಳಿ ಸಿದ್ಧವಾಗಲು ಹತ್ತಾರು ವರ್ಷ ಬೇಕು. ಕ್ಷಾಮ ಕದ ತಟ್ಟಿದ ಮೇಲೆ ಬೀಜ ಹುಡುಕುತ್ತ ಹೊರಟರೆ ಫಲವಿಲ್ಲ. ಸಮೃದ್ಧಿಯ ವರುಷಗಳಲ್ಲಿಯೇ ಕೆಟ್ಟ ವರುಷಕ್ಕಾಗಿ ದುಡಿಯುವವರ ತಾಳ್ಮೆಯಿಂದ ನಾಡಿನ ಕಣಜ ತುಂಬಿರುತ್ತದೆ.