ಸಾಕುಪ್ರಾಣಿಗಳೂ ಕಾಯಿದೆಯೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ಅದರ ಕಾಲ ಕ್ರಿ.ಶ. 949-50. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು ಅರಸನಿಂದ ಬೇಡಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಕಾದಾಡಿ ಅದು ಮಡಿದಾಗ ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ದತ್ತಿಬಿಡಲಾಯಿತು. ಸಾಕಿದ ಪ್ರಾಣಿಯ ಋಣವು ನಮ್ಮ ಮೇಲಿದೆಯೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ.

ಆದರೆ ಒಡೆಯರೆಲ್ಲರೂ ಮಣಲೇರರಲ್ಲ. ಪೆಟ್ಟು ತಿಂದ ನಾಯಿಯು ಠಾಣೆಗೆ ಹೋಗಿ ದೂರು ಕೊಡಲಾರದು. ಹಸಿದ ಬೆಕ್ಕು ವಕೀಲನನ್ನು ಹುಡುಕಲಾರದು. ಆದುದರಿಂದ ಅವುಗಳ ಪರವಾಗಿ ಕಾಯಿದೆಯೇ ಮಾತನಾಡಬೇಕಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ, 1890ರಲ್ಲಿ, ಇಂಥದೊಂದು ಕಾಯಿದೆಯಾಗಿದ್ದಿತು. ಅದು ಸಾಲದೆಂದು ಪ್ರಸಿದ್ಧ ನೃತ್ಯಕಲಾವಿದೆಯೂ ರಾಜ್ಯಸಭೆಯ ಸದಸ್ಯೆಯೂ ಆಗಿದ್ದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆಯು ಜನ್ಮತಾಳಿತು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು.

ಈ ಕಾಯಿದೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದುಂಟು. ಶಿಕ್ಷೆಯ ಮಾತು ಬರುವುದು ಹನ್ನೊಂದನೆಯ ಕಲಮಿನಲ್ಲಿ; ಕರ್ತವ್ಯದ ಮಾತು ಬರುವುದು ಮೂರನೆಯದರಲ್ಲಿಯೇ. ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಯೋಗಕ್ಷೇಮವನ್ನು ನೋಡಿಕೊಳ್ಳತಕ್ಕದ್ದು, ಅದಕ್ಕೆ ಅನಾವಶ್ಯಕವಾದ ನೋವಾಗದಂತೆ ತಡೆಯತಕ್ಕದ್ದು ಎಂದು ಅದು ವಿಧಿಸುತ್ತದೆ. ಅಂದರೆ ಒಡೆತನವೆಂಬುದು ಬರಿಯ ಹಕ್ಕಲ್ಲ, ಹೊಣೆ.

ಹೊಡೆಯುವುದು, ಒದೆಯುವುದು ಮಾತ್ರವೇ ಹಿಂಸೆಯೆಂದು ನಾವು ತಿಳಿದಿರುತ್ತೇವೆ. ಕಾಯಿದೆಯ ದೃಷ್ಟಿ ಇದಕ್ಕಿಂತ ವಿಶಾಲವಾದುದು. ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿಡುವುದು, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದು, ಸಾಕಷ್ಟು ಅನ್ನ, ನೀರು, ಆಸರೆಗಳನ್ನು ಕೊಡದಿರುವುದು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದು — ಇವೆಲ್ಲವೂ ಅಪರಾಧಗಳೇ. ನಮ್ಮ ಕಾಡುಗಳ ಗಿಳಿಗಳನ್ನು ಹಿಡಿದು ಸಾಕುವುದನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಎಷ್ಟೇ ಪ್ರೀತಿಯಿಂದ ಮೆಣಸಿನಕಾಯಿ ತಿನ್ನಿಸಿದರೂ ಆ ತಪ್ಪು ತಪ್ಪೇ.

ಶಿಕ್ಷೆಯೆಷ್ಟು? 1960ರ ಕಾಯಿದೆಯಂತೆ ಮೊದಲ ಸಲದ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿಗಳವರೆಗೆ ದಂಡ. ಮೂರು ವರ್ಷಗಳೊಳಗೆ ಮರುಕಳಿಸಿದರೆ ನೂರು ರೂಪಾಯಿಗಳವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಅಂದು ಭಾರವಾಗಿದ್ದ ಐವತ್ತು ರೂಪಾಯಿ ಇಂದು ಯಾರನ್ನೂ ಹೆದರಿಸದು. ಪ್ರಾಣಿಯನ್ನು ಕೊಂದವರಿಗೆ ಅಥವಾ ಅಂಗಹೀನಗೊಳಿಸಿದವರಿಗೆ ಮಾತ್ರ, 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಐದು ವರ್ಷಗಳವರೆಗೆ ಸೆರೆವಾಸವಾಗಬಹುದು.

ಒಡೆಯನ ಹೊಣೆಯು ನೆರೆಯವರ ಕಡೆಗೂ ಉಂಟು. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಅದೇ ಸಂಹಿತೆಯು ಆರು ತಿಂಗಳವರೆಗೆ ಸೆರೆವಾಸವನ್ನು, ಇಲ್ಲವೆ ಐದು ಸಾವಿರ ರೂಪಾಯಿಗಳವರೆಗೆ ದಂಡವನ್ನು, ಅಥವಾ ಎರಡನ್ನೂ ವಿಧಿಸಬಲ್ಲದು. ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವುದು ಅತಿ ವಿರಳ. ಆದುದರಿಂದ ನಾಯಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದು ದಯೆಯೂ ಹೌದು, ಪೌರಧರ್ಮವೂ ಹೌದು. ನಮ್ಮ ಮುಂಬಯಿಯಲ್ಲಿ ನಾಯಿ ಸಾಕುವವರು ಮಹಾನಗರಪಾಲಿಕೆಯ ಪರವಾನಗಿಯನ್ನು ಪಡೆಯಬೇಕು. ಇತ್ತ ಗೃಹಸಂಘಗಳು ಸಾಕುಪ್ರಾಣಿಗಳನ್ನು ಪೂರ್ತಿಯಾಗಿ ನಿಷೇಧಿಸಕೂಡದೆಂದು ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಸೂಚನೆಯಿತ್ತಿದೆ. ಆದರೆ ಮೆಟ್ಟಲುಗಳನ್ನು ಶುಚಿಯಾಗಿಡದೆ ಈ ಸೂಚನೆಯನ್ನು ಮುಂದೊಡ್ಡುವುದು ಶೋಭಿಸದು.

ಮೇ ತಿಂಗಳ ರಜೆ ಬಂದಿತೆಂದರೆ ನಾವು ಊರಿನ ರೈಲುಗಳಿಗೆ ಟಿಕೆಟು ತೆಗೆಸುತ್ತೇವೆ. ಶಾಲೆಯ ದಿನಗಳಲ್ಲಿ ಹಟಮಾಡಿ ತಂದ ನಾಯಿಮರಿಯ ನೆನಪು ಬರುವುದು ಪೆಟ್ಟಿಗೆ ಕಟ್ಟುವಾಗ. ನೆರೆಯವರನ್ನು ಕೇಳಿ, ಕಾಳಜಿಯಿಂದ ನೋಡಿಕೊಳ್ಳುವವರಿಗೆ ಒಪ್ಪಿಸಿ ಹೋಗುವವರುಂಟು. ಯಾವುದೋ ಬೀದಿಯ ತುದಿಯಲ್ಲಿ ಬಿಟ್ಟು, ಹೇಗೋ ಬದುಕಿಕೊಳ್ಳುವುದೆಂದು ಹೊರಟುಬಿಡುವವರೂ ಉಂಟು. ಹೀಗೆ ಬಿಟ್ಟುಹೋಗುವುದನ್ನು ಕಂಡು ಹೇಳುವವರಿಲ್ಲವಾದರೆ ಕಾಯಿದೆಯ ಕೈ ಅಲ್ಲಿಗೆ ತಲಪದು. ಅನ್ನದ ಕೈಯನ್ನು ಮಾತ್ರ ಬಲ್ಲ ಆ ಮರಿಗೆ ಬೀದಿಯಲ್ಲಿ ಬಾಳುವ ಬಗೆ ತಿಳಿಯದು.

ಆದುದರಿಂದ ಪ್ರಾಣಿಯನ್ನು ಮನೆಗೆ ತರುವ ಮುನ್ನವೇ ನಾವು ನಮ್ಮನ್ನು ಕೇಳಿಕೊಳ್ಳೋಣ: ಇದಕ್ಕೆ ಜಾಗವಿದೆಯೆ? ಕಾಯಿಲೆಯಾದರೆ ಪರೇಲಿನ ಬಾಯಿ ಸಾಕರ್‌ಬಾಯಿ ಆಸ್ಪತ್ರೆಗೋ ಬೇರೆ ವೈದ್ಯರಲ್ಲಿಗೋ ಕರೆದೊಯ್ಯುವ ಬಿಡುವಿದೆಯೆ? ನಾವು ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಹತ್ತು ಹನ್ನೆರಡು ವರ್ಷ ಅದು ಬದುಕಿದರೆ ಅಷ್ಟೂ ವರ್ಷ ನಾವು ಅದರವರಾಗಿರಬಲ್ಲೆವೆ? ಇವಕ್ಕೆ ಹೌದೆನ್ನಲಾರದವರು ಪ್ರಾಣಿಯನ್ನು ತರದಿರುವುದೇ ಅದಕ್ಕೆ ತೋರುವ ದಯೆ.