ವಿಡಿಯೊ ಸುಳ್ಳಲ್ಲ, ಕೆಳಗೆ ಬರೆದ ಕಥೆ ಸುಳ್ಳು: ಪ್ರಾಣಿಗಳ ದೃಶ್ಯಗಳನ್ನು ನೋಡುವುದು ಹೇಗೆ?

ಎರಡು ಹಾವುಗಳು ಹುರಿಹಗ್ಗದಂತೆ ಹೆಣೆದುಕೊಂಡು ಅರ್ಧ ಮೈ ಮೇಲೆತ್ತಿ ನಿಲ್ಲುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಗುರುವಾಯನಕೆರೆ ಕಡೆಯ ಅಡಿಕೆ ತೋಟದಲ್ಲಾಗಲಿ, ಬಂಟ್ವಾಳದ ಗದ್ದೆಯಲ್ಲಾಗಲಿ ಇಂಥ ದೃಶ್ಯ ಕಂಡವರು ಕೂಡಲೇ ಮೊಬೈಲ್ ತೆಗೆಯುತ್ತಾರೆ. ಕೆಳಗೆ ಬರೆಯುವುದು ಸಾಮಾನ್ಯವಾಗಿ ಒಂದೇ: ‘ನಾಗ ನಾಗಿಣಿಯರ ಮಿಲನ. ನೋಡಿದವರಿಗೆ ಶುಭ.’ ಆ ಹಾವುಗಳ ಮೇಲೆ ಬಿಳಿ ಬಟ್ಟೆ ಹಾಕಿ, ಆ ಬಟ್ಟೆಯನ್ನು ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆ ಎಂಬ ಮಾತೂ ಕೆಲವು ಕಡೆ ಸೇರಿಕೊಳ್ಳುತ್ತದೆ.

ವಿಡಿಯೊ ನಿಜ. ಆದರೆ ಅದರಲ್ಲಿ ಇರುವುದು ಮಿಲನವಲ್ಲ, ಕುಸ್ತಿ. ನಾಗಿಣಿ ಅಲ್ಲಿ ಇಲ್ಲವೇ ಇಲ್ಲ, ಎರಡೂ ಗಂಡು ಹಾವುಗಳು.

ಹೆಣೆದುಕೊಂಡ ಹಾವುಗಳು ಮಾಡುತ್ತಿರುವುದೇನು?

ಇಂಥ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಕೇರೆ ಹಾವು. ಕಾಳಿಂಗ ಸರ್ಪಗಳೂ ಹೀಗೆ ಸೆಣಸುತ್ತವೆ. ಸಂತಾನದ ಕಾಲದಲ್ಲಿ ಹೆಣ್ಣು ಹಾವಿನ ವಾಸನೆ ಹಿಡಿದು ಬಂದ ಎರಡು ಗಂಡುಗಳು ಎದುರಾದಾಗ ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ. ಸಾಮಾನ್ಯವಾಗಿ ಕಚ್ಚುವುದಿಲ್ಲ. ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ನಿಜವಾದ ಮಿಲನ ಇಷ್ಟು ಆಕರ್ಷಕವಾಗಿರುವುದಿಲ್ಲ. ಹಾವುಗಳು ನೆಲದ ಮೇಲೆ ಒತ್ತೊತ್ತಾಗಿ ಮಲಗಿ, ಬಾಲದ ಭಾಗ ಮಾತ್ರ ಸೇರಿಸಿಕೊಂಡು ಬಹಳ ಹೊತ್ತು ಹೆಚ್ಚುಕಡಿಮೆ ಅಲುಗಾಡದೆ ಇರುತ್ತವೆ.

‘ಕೇರೆ ಹೆಣ್ಣು, ನಾಗರ ಗಂಡು, ಅವೆರಡೂ ಜೋಡಿ’ ಎಂಬ ಮಾತೂ ತಪ್ಪು. ಅವು ಬೇರೆ ಬೇರೆ ಜಾತಿಯ ಹಾವುಗಳು. ಕೇರೆಯಲ್ಲೂ ಗಂಡು ಹೆಣ್ಣು ಇವೆ, ನಾಗರದಲ್ಲೂ ಇವೆ.

ಇದನ್ನು ತಿಳಿದದ್ದು ಒಂದು ವಿಡಿಯೊ ನೋಡಿ ಅಲ್ಲ. ಹಾವುಗಳನ್ನು ಹಿಡಿದು ಗಂಡೋ ಹೆಣ್ಣೋ ಎಂದು ಪರೀಕ್ಷಿಸಿ, ಮತ್ತೆ ಮತ್ತೆ ಗಮನಿಸಿ ತಿಳಿದದ್ದು. ಘಟ್ಟದ ಮೇಲಿನ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಕಾಳಿಂಗ ಸರ್ಪಗಳ ದೇಹದೊಳಗೆ ಚಿಕ್ಕ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಅವು ಹೋದಲ್ಲೆಲ್ಲ ಹಿಂದೆ ಹೋಗಿ ಏನು ತಿನ್ನುತ್ತವೆ, ಎಲ್ಲಿ ಮಲಗುತ್ತವೆ, ಯಾರ ಜೊತೆ ಸೆಣಸುತ್ತವೆ ಎಂದು ಬರೆದಿಟ್ಟರು.

ಈ ವ್ಯತ್ಯಾಸ ತಿಳಿಯದಿದ್ದರೆ ಆಗುವ ನಷ್ಟ ಚಿಕ್ಕದಲ್ಲ. ಶುಭವೆಂದು ನಂಬಿ ಬಟ್ಟೆ ಹಿಡಿದು ಹತ್ತಿರ ಹೋದವರ ಎದುರು ಇರುವುದು ಕೇರೆಯಾದರೆ ಬಚಾವು. ಕಾಳಿಂಗವಾದರೆ? ನಮ್ಮ ಆಸ್ಪತ್ರೆಗಳಲ್ಲಿರುವ ಸಾಮಾನ್ಯ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಿಸುತ್ತಾರೆ. ಕಾಳಿಂಗ ಆ ಪಟ್ಟಿಯಲ್ಲಿ ಇಲ್ಲ.

ನಾಗನ ಮೇಲಿನ ಭಕ್ತಿಗೂ ಈ ಮಾಹಿತಿಗೂ ಜಗಳವಿಲ್ಲ. ನಾಗಬನದ ಮರಗಳನ್ನು ಉಳಿಸಿದ್ದು ಅದೇ ಭಕ್ತಿ. ಹಾವಿಗೆ ಗೌರವ ಕೊಡುವವರು ಅದರಿಂದ ದೂರ ನಿಲ್ಲುವುದೇ ಸರಿ.

ಒಂದು ದೃಶ್ಯ, ಮೂರು ಪ್ರಶ್ನೆ

ಪ್ರಾಣಿಗಳ ಯಾವ ವಿಡಿಯೊ ನೋಡಿದರೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಏನು ನಡೆಯಿತು? ಯಾಕೆ ನಡೆಯಿತು? ಹಾಗಾದರೆ ನಾವೇನು ಮಾಡಬೇಕು?

ಕ್ಯಾಮೆರಾ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಎರಡನೆಯದಕ್ಕೆ ವರ್ಷಗಟ್ಟಲೆ ಅಧ್ಯಯನ ಬೇಕು. ಮೂರನೆಯದಕ್ಕೆ ಉತ್ತರ ಪ್ರಾಣಿಗಳಲ್ಲಿ ಇಲ್ಲ, ನಾವೇ ಯೋಚಿಸಬೇಕು. ಸುಳ್ಳು ಫಾರ್ವರ್ಡ್‌ಗಳು ಈ ಮೂರನ್ನೂ ಒಂದೇ ಸಾಲಿನಲ್ಲಿ ಕಲಸಿಬಿಡುತ್ತವೆ.

ಏನು ನಡೆಯಿತು? ಕ್ಯಾಮೆರಾ ಬಿಟ್ಟದ್ದೂ ಇದೆ

2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ ಹಲವರಿಗೆ ನೆನಪಿರಬಹುದು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟರು. ನಾಲ್ಕು ವರ್ಷ ಓಡಾಡಿ ಸುಮಾರು 400 ಗಂಟೆಗಳಷ್ಟು ಚಿತ್ರೀಕರಿಸಿದ್ದರಲ್ಲಿ ನಾವು ನೋಡಿದ್ದು ಒಂದು ಗಂಟೆಗೂ ಕಡಿಮೆ. ಇದು ಮೋಸವಲ್ಲ, ಸಾಕ್ಷ್ಯಚಿತ್ರ ತಯಾರಾಗುವುದೇ ಹೀಗೆ. ಆದರೆ ಇದರ ಅರ್ಥ ನಮಗೆ ಗೊತ್ತಿರಬೇಕು. ಹುಲಿ ದಿನದ ಬಹುಪಾಲು ಮಲಗಿಯೇ ಇರುತ್ತದೆ, ಪರದೆಯ ಮೇಲೆ ಮಾತ್ರ ಸದಾ ಬೇಟೆಯಾಡುತ್ತಿರುತ್ತದೆ. ಬಹಳ ದೂರದಿಂದ ತೆಗೆದ ದೃಶ್ಯದಲ್ಲಿ ಎಲೆ ಸರಿದ ಸದ್ದು, ಮೂಳೆ ಕಡಿದ ಸದ್ದು ಕೇಳಿಸಿದರೆ ಅದನ್ನು ಹೆಚ್ಚಾಗಿ ಸ್ಟುಡಿಯೊದಲ್ಲಿ ಸೇರಿಸಿರುತ್ತಾರೆ.

ನಿಜವಾದ ಮೋಸವೂ ನಡೆದಿದೆ. ಡಿಸ್ನಿ ಕಂಪನಿಯ ‘ವೈಟ್ ವೈಲ್ಡರ್‌ನೆಸ್’ 1958ರ ಸಾಕ್ಷ್ಯಚಿತ್ರ, ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಇಲಿಯಂಥ ಲೆಮ್ಮಿಂಗ್ ಎಂಬ ಪ್ರಾಣಿಗಳು ಗುಂಪಾಗಿ ಓಡಿ ಬಂದು ಕಡಿದಾದ ಬಂಡೆಯಿಂದ ನೀರಿಗೆ ಬೀಳುವ ದೃಶ್ಯ ಅದರಲ್ಲಿತ್ತು. ‘ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ’ ಎಂಬ ಹಳೆಯ ಕಥೆಗೆ ಈ ದೃಶ್ಯ ದೊಡ್ಡ ಸಾಕ್ಷಿಯಾಯಿತು. 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ನಿಜವನ್ನು ಹೊರಗೆಳೆಯಿತು. ಲೆಮ್ಮಿಂಗ್‌ಗಳನ್ನು ದುಡ್ಡು ಕೊಟ್ಟು ಬೇರೆ ಕಡೆಯಿಂದ ತರಿಸಿ, ಚಿತ್ರತಂಡದವರೇ ಬೀಳಿಸಿ ಚಿತ್ರೀಕರಿಸಿದ್ದರು. ಲೆಮ್ಮಿಂಗ್‌ಗಳು ಸಂಖ್ಯೆ ಹೆಚ್ಚಾದಾಗ ಹೊಸ ಜಾಗ ಹುಡುಕಿ ಹೋಗುತ್ತವೆ, ದಾರಿಯಲ್ಲಿ ಕೆಲವು ಸಾಯುತ್ತವೆ. ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ.

ತೋಳದ ಪಾಠ, ಹದ್ದಿನ ಪಾಠ: ಎರಡೂ ಕಟ್ಟುಕಥೆ

ಹಿಮದಲ್ಲಿ ಸಾಲಾಗಿ ನಡೆಯುವ ತೋಳಗಳ ಫೋಟೊ ‘ನಾಯಕತ್ವದ ಪಾಠ’ ಎಂಬ ಹೆಸರಿನಲ್ಲಿ ಸುತ್ತುತ್ತಿರುತ್ತದೆ. ಮೊದಲ ಮೂರು ಮುದಿ ಅಥವಾ ಕಾಯಿಲೆಯ ತೋಳಗಳು, ಎಲ್ಲರ ಹಿಂದೆ ಒಂಟಿಯಾಗಿ ಬರುವುದು ನಾಯಕ, ಅದು ಎಲ್ಲರನ್ನೂ ಕಾಯುತ್ತದೆ ಎಂದು ಕೆಳಗೆ ಬರೆದಿರುತ್ತದೆ. ಈ ಚಿತ್ರ ಬಿಬಿಸಿಯ ‘ಫ್ರೋಜನ್ ಪ್ಲಾನೆಟ್’ (2011) ಸರಣಿಯ ಕಾಲದ್ದು. ಕೆನಡಾದ ವುಡ್ ಬಫಲೊ ರಾಷ್ಟ್ರೀಯ ಉದ್ಯಾನದಲ್ಲಿ ಚಾಡನ್ ಹಂಟರ್ ತೆಗೆದದ್ದು. ಅವರು ಕೊಟ್ಟ ವಿವರಣೆ ಬೇರೆಯೇ. ಅದು ಕಾಡೆಮ್ಮೆಯಂಥ ಬೈಸನ್‌ಗಳನ್ನು ಬೇಟೆಯಾಡುವ 25 ತೋಳಗಳ ಗುಂಪು. ಮುಂದೆ ನಡೆಯುವುದು ಗುಂಪಿನ ಪ್ರಮುಖ ಹೆಣ್ಣು ತೋಳ. ಅದು ಆಳದ ಹಿಮವನ್ನು ತುಳಿದು ದಾರಿ ಮಾಡುತ್ತದೆ, ಹಿಂದಿನವು ಶಕ್ತಿ ಉಳಿಸಿಕೊಂಡು ಅದೇ ಹೆಜ್ಜೆಯಲ್ಲಿ ಬರುತ್ತವೆ.

‘ಆಲ್ಫಾ ತೋಳ’ ಎಂಬ ಮಾತೂ ಇಂಥದ್ದೇ. ಒಂದಕ್ಕೊಂದು ಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ಅವುಗಳ ಜಗಳ ನೋಡಿದ್ದರಿಂದ ಆ ಕಲ್ಪನೆ ಬೆಳೆಯಿತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ವಿಜ್ಞಾನಿ ಡೇವಿಡ್ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ತಾವೇ ತಿದ್ದಿ ಬರೆದರು. ಕಾಡಿನ ತೋಳಗಳ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮಕ್ಕಳು. ಅಲ್ಲಿ ಮುಂದಾಳು ಎಂದರೆ ಹೆತ್ತವರು.

ಇನ್ನು ಹದ್ದಿನ ಕಥೆ. ನಲವತ್ತನೇ ವರ್ಷಕ್ಕೆ ಬೆಟ್ಟದ ಮೇಲೆ ಕುಳಿತು ಕೊಕ್ಕನ್ನು ಬಂಡೆಗೆ ಬಡಿದು ಒಡೆದುಕೊಳ್ಳುತ್ತದಂತೆ, ಉಗುರು ರೆಕ್ಕೆ ಕಿತ್ತುಕೊಂಡು ಐದು ತಿಂಗಳಲ್ಲಿ ಹೊಸತಾಗಿ ಇನ್ನೂ 30 ವರ್ಷ ಬದುಕುತ್ತದಂತೆ. ಕೊಕ್ಕಿಲ್ಲದ ಹದ್ದು ಐದು ತಿಂಗಳು ಏನು ತಿನ್ನಬೇಕು? ಕೊಕ್ಕು ನಮ್ಮ ಉಗುರಿನಂತೆ ನಿರಂತರ ಬೆಳೆಯುತ್ತ ಸವೆಯುತ್ತ ಇರುತ್ತದೆ. ಗರಿಗಳು ಒಂದೊಂದಾಗಿ ಉದುರಿ ಹೊಸತು ಬರುತ್ತವೆ. ಈ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಅಮೆರಿಕದ ಬಿಳಿತಲೆ ಹದ್ದುಗಳಲ್ಲಿ, ಕಾಲಿಗೆ ಉಂಗುರ ಹಾಕಿ ವಯಸ್ಸು ದಾಖಲಿಸಿದವುಗಳ ಪೈಕಿ ಕಾಡಿನಲ್ಲಿ ಅತಿ ಹೆಚ್ಚು ಬದುಕಿದ್ದು 38 ವರ್ಷ.

ಯಾಕೆ ನಡೆಯಿತು? ಅಡಿಕೆ ಮರದ ಹಾರುವ ಓತಿ

ವಿಕಾಸ ಅರ್ಥವಾಗಲು ಆಫ್ರಿಕಾದ ಚಿತ್ರವೇ ಬೇಕಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹೆಸರು ಗೊತ್ತು. ಕೆಲವು ಪಕ್ಕೆಲುಬುಗಳು ಉದ್ದವಾಗಿ ದೇಹದಿಂದ ಹೊರಚಾಚಿ, ಅವುಗಳ ಮೇಲಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಓತಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತದೆ.

‘ಶತ್ರುಗಳಿಂದ ಪಾರಾಗಲು ಓತಿ ರೆಕ್ಕೆ ಬೆಳೆಸಿಕೊಂಡಿತು’ ಎಂದು ವಿವರಣೆಗಳಲ್ಲಿ ಕೇಳುತ್ತೇವೆ. ಕೇಳಲು ಸುಲಭ, ಅರ್ಥ ತಪ್ಪು. ಬೇಕು ಎಂದು ಯಾವ ಪ್ರಾಣಿಯೂ ಅಂಗ ಬೆಳೆಸಿಕೊಳ್ಳುವುದಿಲ್ಲ. ಪೂರ್ವಜ ಓತಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಪಕ್ಕೆಲುಬು ತುಸು ಉದ್ದ ಇತ್ತು. ಜಿಗಿದಾಗ ಅವು ತುಸು ದೂರ ತೇಲಿದವು. ಅಂಥವು ಹೆಚ್ಚು ಉಳಿದು, ಹೆಚ್ಚು ಮರಿ ಮಾಡಿದವು. ಲಕ್ಷಾಂತರ ವರ್ಷ, ತಲೆಮಾರಿನ ಮೇಲೆ ತಲೆಮಾರು ಇದೇ ನಡೆದು ಇಂದಿನ ರೂಪ ಬಂತು. ಉಳಿಯುವುದು ‘ಬಲಶಾಲಿ’ ಎಂಬುದೂ ಅರ್ಧ ಸತ್ಯ. ಅಂಗೈಗಿಂತ ಚಿಕ್ಕ ದೇಹದ ಈ ಓತಿ ಯಾವ ಲೆಕ್ಕದಲ್ಲೂ ಬಲಶಾಲಿಯಲ್ಲ, ತಾನಿರುವ ಜಾಗಕ್ಕೆ ಹೊಂದುತ್ತದೆ ಅಷ್ಟೆ.

ಕಾಳಿಂಗ ಸರ್ಪವನ್ನೇ ನೋಡಿ. ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಪ್ರಭೇದ ಎಂದು ಬಹಳ ಕಾಲ ನಂಬಿದ್ದರು. ಡಿಎನ್‌ಎ ಮತ್ತು ದೇಹದ ಗುರುತುಗಳನ್ನು ಹೋಲಿಸಿದ ಮೇಲೆ 2024ರಲ್ಲಿ ನಾಲ್ಕು ಪ್ರಭೇದಗಳೆಂದು ವಿಂಗಡಿಸಿದರು. ಕರ್ನಾಟಕದ ಪಿ. ಗೌರಿಶಂಕರ್ ಈ ಕೆಲಸದಲ್ಲಿದ್ದರು. ಪಶ್ಚಿಮ ಘಟ್ಟದ ಹಾವಿಗೆ ಸಿಕ್ಕ ವೈಜ್ಞಾನಿಕ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ನಮ್ಮ ಮಾತಿನ ಹೆಸರೇ ಅಲ್ಲಿಗೆ ಹೋಗಿದೆ. ಕ್ಯಾಮೆರಾಗೆ ನಾಲ್ಕೂ ಸುಮಾರಾಗಿ ಒಂದೇ ಥರ ಕಾಣಬಹುದು. ಬೇರೆಯೆಂದು ಹೇಳಿದ್ದು ಹೋಲಿಕೆ.

ಹಾಗಾದರೆ ನಾವೇನು ಮಾಡಬೇಕು? ಧಾರವಾಡದ ಮುಸುವಗಳು

1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಲಿನ ಮುಸುವಗಳನ್ನು ಅಧ್ಯಯನ ಮಾಡಿದರು. ಹೊಸ ಗಂಡು ಬಂದು ಗುಂಪನ್ನು ವಶಪಡಿಸಿಕೊಂಡಾಗ ಮರಿಗಳನ್ನು ಕೊಂದದ್ದನ್ನು ಅವರು ದಾಖಲಿಸಿದರು. ಇದು ಸಹಜವಲ್ಲ, ಪ್ರಾಣಿಗಳು ಕೆಟ್ಟ ಒತ್ತಡದಲ್ಲಿದ್ದವು ಎಂದು ಹಲವರು ವಾದಿಸಿದರು. 1970ರ ದಶಕದಲ್ಲಿ ರಾಜಸ್ಥಾನದ ಅಬು ಬೆಟ್ಟದ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಬೇರೆ ವಿವರಣೆ ಕೊಟ್ಟರು. ಮರಿ ಇಲ್ಲದ ತಾಯಿ ಬೇಗ ಮತ್ತೆ ಗರ್ಭ ಧರಿಸುತ್ತದೆ, ಆದ್ದರಿಂದ ಕೊಲ್ಲುವ ಗಂಡಿನ ಸಂತಾನ ಹೆಚ್ಚುತ್ತದೆ. ತಾಯಂದಿರೂ ಸುಮ್ಮನಿರುವುದಿಲ್ಲ, ಎದುರಿಸುತ್ತವೆ, ಮರಿಗಳನ್ನು ಕಾಪಾಡಲು ನಾನಾ ಉಪಾಯ ಹೂಡುತ್ತವೆ.

ಇದು ವಿವರಣೆ, ಸಮರ್ಥನೆಯಲ್ಲ. ‘ಪ್ರಕೃತಿಯಲ್ಲೇ ಹೀಗಿದೆ, ಗಂಡಸು ಇರುವುದೇ ಹೀಗೆ’ ಎಂದು ವಿಡಿಯೊ ಹಂಚುವವರು ಎಡವುವುದು ಇಲ್ಲೇ. ಮನುಷ್ಯ ಮುಸುವದಿಂದ ಬಂದವನೂ ಅಲ್ಲ. ಇಬ್ಬರಿಗೂ ಇದ್ದ ಸಮಾನ ಪೂರ್ವಜರಿಂದ ನಮ್ಮ ಕವಲುಗಳು ಎರಡೂವರೆ ಕೋಟಿ ವರ್ಷಕ್ಕೂ ಹಿಂದೆ ಬೇರೆಯಾದವು. ಅದೇ ಹರ್ಡಿ ಮುಂದೆ ಮನುಷ್ಯರ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಬೇರೆ ಸಂಗತಿ: ಮನುಷ್ಯರ ಮಗು ಬೆಳೆಯುವುದು ತಾಯಿಯೊಬ್ಬಳಿಂದಲ್ಲ, ಅಜ್ಜಿ, ಚಿಕ್ಕಮ್ಮ, ಅಕ್ಕ ಎಲ್ಲರ ಕೈಯಲ್ಲಿ. ಸೋದರಮಾವನ ಮನೆತನವೇ ಆಧಾರವಾಗಿದ್ದ ಅಳಿಯಸಂತಾನವನ್ನು ಕಂಡ ತುಳುನಾಡಿಗೆ ಕುಟುಂಬ ಒಂದೇ ರೀತಿ ಇರಬೇಕಿಲ್ಲ ಎಂಬುದು ಹೊಸ ವಿಷಯವಲ್ಲ.

ಸಾಕ್ಷ್ಯಚಿತ್ರ ಸಾಕ್ಷ್ಯವಾದಾಗ

ಹಾಗಂತ ಸಾಕ್ಷ್ಯಚಿತ್ರಗಳನ್ನು ಬಿಡಬೇಕಿಲ್ಲ. ಬೆಳ್ತಂಗಡಿಯಿಂದ ಕಾಣುವ ಕುದುರೆಮುಖದ ಸಾಲನ್ನೇ ನೋಡಿ. ಅಲ್ಲಿನ ಕಬ್ಬಿಣದ ಅದಿರಿನ ಗಣಿಯ ಬಗ್ಗೆ ಶೇಖರ್ ದತ್ತಾತ್ರಿ 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರ ಮಾಡಿದರು. ಕಡಿದ ಗುಡ್ಡ, ಮಣ್ಣು ತುಂಬಿ ಕೆಂಪಾದ ಭದ್ರಾ ನೀರು ಜನರಿಗೆ ಕಂಡದ್ದು ಹೀಗೆ. ಚಿತ್ರದ ಜೊತೆ ದಾಖಲೆಗಳು, ವಿಜ್ಞಾನಿಗಳ ಮಾಹಿತಿ, ನ್ಯಾಯಾಲಯದ ಅರ್ಜಿ ಇದ್ದವು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಂಟ್ವಾಳದ ಮೂಲಕ ಹರಿಯುವ ನೇತ್ರಾವತಿ ಹುಟ್ಟುವುದೂ ಇದೇ ಸಾಲಿನಲ್ಲಿ. ಚಿತ್ರವೊಂದೇ ಆಗಿದ್ದರೆ ಸಾಲುತ್ತಿರಲಿಲ್ಲ, ಅದಕ್ಕೆ ಲೆಕ್ಕದ ಬಲ ಇತ್ತು.

ಫಾರ್ವರ್ಡ್ ಮಾಡುವ ಮುನ್ನ

- ವಿಡಿಯೊ ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು ಎಂದು ಬರೆದಿದೆಯೇ? ಇಲ್ಲದಿದ್ದರೆ ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ.
- ‘ಪ್ರೀತಿ’, ‘ಸೇಡು’, ‘ತ್ಯಾಗ’ ಎಂಬ ಪದಗಳನ್ನು ತೆಗೆದು ದೃಶ್ಯವನ್ನು ಇನ್ನೊಮ್ಮೆ ನೋಡಿ. ಏನು ಉಳಿಯುತ್ತದೆ?
- ಸದ್ದು ತೆಗೆದು ನೋಡಿ. ಸಂಗೀತ ಹೋದ ಮೇಲೂ ನಿಮಗೆ ಹಾಗೇ ಅನಿಸುತ್ತದೆಯೇ?
- ‘ಆದ್ದರಿಂದ ಮನುಷ್ಯರೂ ಹೀಗೇ ಇರಬೇಕು’ ಎಂದು ಮುಗಿದರೆ ಅದನ್ನು ಅಲ್ಲೇ ನಿಲ್ಲಿಸಿ.

ತೋಟದಲ್ಲಿ ಹಾವುಗಳು ಹೆಣೆದುಕೊಂಡಿರುವುದು ಕಂಡರೆ ದೂರ ನಿಲ್ಲಿ, ಮಕ್ಕಳನ್ನೂ ನಾಯಿಯನ್ನೂ ಹಿಂದೆ ಕರೆಯಿರಿ. ಸ್ವಲ್ಪ ಹೊತ್ತಿಗೆ ಅವೇ ಹೋಗುತ್ತವೆ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಹಾವು ರಕ್ಷಕರಿಗೆ ತಿಳಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತದ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಮನೆಯ ಗುಂಪಿಗೆ ಇಂದು ಏನನ್ನಾದರೂ ಕಳುಹಿಸಬೇಕು ಎನಿಸಿದರೆ ಈ ನಾಲ್ಕು ಸಾಲು ಕಳುಹಿಸಿ.